ಒಂದು ಪೊರಿ ಹೆಚ್ಚು

ಒಬ್ಬ ತಾಯಿ, ಒಂದ ರಾತ್ರಿ ಇಟ್ಟ ತತ್ತಿ.
ಬಿಳಿ ಮಲ್ ಬಟ್ಟಿ ಮ್ಯಾಲ ಗಸಗಸಿ ಚೆಲ್ಲಿಧಂಗ.
ಮೂರನೇ ದಿನ ಒಡದು ಮರಿ ಹೊರಗ ಬಂದ್ವು.
ಕುಂಚದ ತುದೀಲೆ ಎತ್ತಿ
ಡಬ್ಬಿಗೊಂದರಂಗ ಬಿಟ್ಟೆ.
ಕೂಡಿ ಇಟ್ಟರ ಒಂದನ್ನೊಂದು ತಿಂತಾವ,
ಕಾಯಿಕೊರಕಕ್ಕ ಅಣ್ಣ ತಮ್ಮ ಅನ್ನೂದಿಲ್ಲ.

ಧಾರವಾಡದ ಕೃಷಿ ಕಾಲೇಜಿನ ಹಿತ್ತಲಕ್ಕ
ತಗಡಿನ ಚಪ್ಪರದ ಒಂದು ಹುಳದ ಮನಿ.
ಹದಿನಾಲ್ಕು ವರ್ಷ ಆತು, ಅಲ್ಲಿ ಬಡಸಾಂವ ನಾನು.
ನೀವು ಎಣ್ಣಿ ಹೊಡದು ಕೊಲ್ಲೂ ಹುಳಕ್ಕ
ನಾನು ಎಲಿ ತೊಳದು, ಒರಸಿ,
ದೇಟಿಗೆ ಹಸಿ ಅರಳಿ ಸುತ್ತಿ ಊಟಾ ಹಾಕತೇನಿ.
ನನ್ನ ಹೆಂಡ್ತಿ ತವರಿನಾಗ ಇದನ್ನ ಬಾಯಿ ಬಿಡಂಗಿಲ್ಲ.
ಅಣ್ಣಿಗೇರಿ ಬದಿ ಅವರದು ಎಂಟೆಕರೆ ಕಡ್ಲಿ.

ಸವಣೂರಿನ ನಸೀಮಾ ಮೇಡಂ ಅವರ ಲೆಕ್ಕ:
ಮೂವತ್ತಕ್ಕ ಹತ್ತಿ, ಮೂವತ್ತಕ್ಕ ಕಡ್ಲಿ,
ಮೂವತ್ತಕ್ಕ ಬ್ಯಾಡಗಿ ಮೆಣಸಿನ ಎಲಿ.
ಯಾವುದು ಎಷ್ಟು ದಿನಕ್ಕ ಕೋಶ ಆತು,
ಎಷ್ಟು ತೂಗಿತು,
ಬರಕೋ ಫಕ್ಕೀರೇಶ.

ಬರಕೊಂಡೆ.
ಕಡ್ಲಿ ತಿಂದದ್ದು ಕಡ್ಲಿಯಂಗ ಹಸರ ಆತು,
ಹದಿನಾರಕ್ಕ ಮಣ್ಣಿಗಿಳೀತು.
ಹತ್ತೀದು ಇನ್ನೆರಡು ದಿನ ಹೆಚ್ಚಿಗಿ ತಗೊಂತು.
ಮೆಣಸಿನದು ಅರ್ಧಕ್ಕರ್ಧ ಸತ್ತು
ಉಳದಾವು ಸಣಕಲ, ಕಂದ, ಬತ್ತಿಯಂಗ.

ಕಡ್ಲಿ ಎಲಿ ಅಂದ್ರ ಹುಳಿ, ಬರೇ ಹುಳಿ.
ನಮ್ಮಮ್ಮ ಶಿರಹಟ್ಟಿ ಹೊಲದಾಗ
ರಾತ್ರಿ ಗಿಡದ ಮ್ಯಾಲ ಧೋತರ ಹಾಸಿ
ನಸುಕಿನಾಗ ಹಿಂಡಿ ಸೀಸೆ ತುಂಬತಿದ್ಲು,
ಹೊಟ್ಟಿ ಶೂಲಿಗೆ.
ಒಂದು ಹನಿ ನಾಲಿಗಿಗೆ ತಾಗಿದ್ರ
ಹಲ್ಲು ಜುಮ್ ಅಂತಿದ್ವು.
ಆ ಹುಳಿಯೊಳಗ ಹುಟ್ಟಿ, ಹುಳಿ ಉಂಡು, ದಪ್ಪ ಆಗತೈತಲ್ಲ,
ಹೆಂಗ್ರಿ ಮೇಡಂ?
ಗಿಡ ಒಗ್ಗರಣಿ ಬದಲಿಸಿಧಂಗ
ಹುಳ ಕರಳ ಬದಲಿಸತೈತಿ, ಅಂದ್ರು,
ನನಗ ತಿಳಿಲಿ ಅಂತ.

ಆ ಐತವಾರ ಹುಬ್ಬಳ್ಳ್ಯಾಗ ನಿಶ್ಚೆ ಇತ್ತು.
ಬಸ್ಸಿನ ಗಡಿಬಿಡಿ.
ಹದಿನೇಳನೇ ಡಬ್ಬಿ, ಹತ್ತಿ ಸಾಲಿಂದು,
ಅದಕ್ಕ ಮೆಣಸಿನ ಎಲಿ ಹಾಕಿ ಹೋದೆ.

ಸ್ವಾಮಾರ ನೋಡ್ತೇನಿ,
ಎಲಿ ಇಟ್ಟಾಂಗ ಐತಿ.
ಹುಳ ಮುಚ್ಚಳದ ಸುತ್ತ
ಬಾಕಲಾ ಹುಡುಕಿಧಂಗ ತಿರಗತೈತಿ.
ಹತ್ತಿ ಎಲಿ ಕೈಯಾಗ ಹಿಡಕೊಂಡು ನಿಂತೆ.
ಹಾಕಿದ್ರ ಮುಗೀತು, ಯಾರಿಗೆ ಗೊತ್ತಾಗತೈತಿ?
ಹಾಕಲಿಲ್ಲ.
ಯಾಕ ಅಂತ ಇವತ್ತಿಗೂ ಹೇಳಾಕ ಬರಂಗಿಲ್ಲ ನನಗ.

ಮಂಗಳಾರ ಸಂಜಿಕ
ಎಲಿ ಅಂಚಿಗೆ ಸೂಜಿ ಚುಚ್ಚಿದಷ್ಟು ಒಂದು ತೂತು.
ಬುಧವಾರ ತೂತು ಕಿಟಕಿ ಆಗಿತ್ತು.

ಉಳದಾವೆಲ್ಲಾ ಐದು ಪೊರಿ ಕಳದು ಕೋಶಕ್ಕ ಹೋದ್ವು.
ಇದು ಇನ್ನೂ ತಿಂತಿತ್ತು. ಹಿಂಡಿ ಹಾಕತಿತ್ತು. ತಿಂತಿತ್ತು.
ರಿಜಿಸ್ಟರದಾಗ ನಾನು ಸುಳ್ಳ ಬರದಿದ್ದೆ, ಹತ್ತಿ ಅಂತ.
ಆದರ ಹುಳ ತನ್ನ ಲೆಕ್ಕ ತಾನ ಇಟ್ಟಿತ್ತು:
ಪ್ರತಿ ಸಲ ಪೊರಿ ಬಿಟ್ಟಾಗೂ
ಹಳೆ ತಲಿಯ ಚಿಪ್ಪೊಂದು
ಡಬ್ಬಿ ತಳಕ್ಕ, ಸಾಸಿವಿ ಸಿಪ್ಪಿಯಂಗ.
ಮೇಡಂ ಸೂಜೀಲೆ ಸರಸಿ ಎಣಿಸಿದ್ರು.
ಆರು.
ಮತ್ತ ಎಣಿಸಿದ್ರು.
ಇದು ಹತ್ತಿ ಉಂಡಿಲ್ಲಲಾ ಫಕ್ಕೀರೇಶ?

ಹೇಳಿದೆ. ಬಸ್ಸು, ನಿಶ್ಚೆ, ಎಲ್ಲಾ.
ಬೈತಾರ ಅಂತ ನೆಲಾ ನೋಡಕೋತ ನಿಂತೆ.
ಅವರು ಸಾಲಿನಾಗಿಂದ ಹದಿನೇಳು ಹೊಡದು ಹಾಕಿ
ಬದಿ ಜಾಗಾದಾಗ ಸಣ್ಣ ಅಕ್ಷರದಾಗ ಬರದ್ರು:
ನಡುವ ಊಟ ಬದಲು. ಇಪ್ಪತ್ಮೂರು ದಿನ. ಒಂದು ಪೊರಿ ಹೆಚ್ಚು.
ಆಮ್ಯಾಲ, ಪೆನ್ನು ಮುಚ್ಚಕೋತ,
ಇದನ್ನ ಒಗೀಬ್ಯಾಡ, ಅಂದ್ರು.

ಕೋಶ ಒಡದು ನಿನ್ನಿ ಪತಂಗ ಬಂತು, ಹೆಣ್ಣು.
ಅಕ್ಕತಂಗೇರಕಿಂತ ಒಂದೀಟು ಗಿಡ್ಡ,
ರೆಕ್ಕಿ ಮಾತ್ರ ಪೂರ್ತಿ ಬಿಚ್ಚೈತಿ.
ಜೋಡಿ ಕೂಡಿಸೇನಿ. ಸಕ್ರಿ ನೀರು ಇಟ್ಟೇನಿ.
ಪಂಜರದ ಈ ಮೂಲಿಗೆ ಹತ್ತಿ ಟೊಂಗಿ,
ಆ ಮೂಲಿಗೆ ಮೆಣಸು.
ದೀಪ ಆರಿಸಿ, ಕೀಲಿ ಹಾಕಿ, ಹೊರಗ ಬಂದೆ.
ಎಲ್ಲಿ ಇಡತಾಳೋ.
ಮುಂಜಾನೆ ಎಣಿಸಬೇಕು.